ನೀರಿನ ಕೇಸು ಹಿಡಿದ ವಕೀಲರ ಕಚೇರಿ: ಐದಕ್ಕೆ ನಾಲ್ಕು

ರಾಜಿಪತ್ರದ ಷರತ್ತಿನ ಪ್ರಕಾರ ನಾನು ಯಾರ ಹೆಸರನ್ನೂ ಬರೆಯುವಂತಿಲ್ಲ. ಹಾಗಾಗಿ ಇಲ್ಲಿ ಕಚೇರಿಯ ಹೆಸರಿಲ್ಲ, ಎದುರುಪಕ್ಷದ್ದೂ ಇಲ್ಲ. ಆದರೂ ಬರೆಯುತ್ತಿದ್ದೇನೆ. ಕುಡಿಯುವ ನೀರಿಗೆ ರಾಸಾಯನಿಕ ಸೇರಿ ಮನೆಯಲ್ಲೊಬ್ಬರು ಹಾಸಿಗೆ ಹಿಡಿದಾಗ ಯಾವ ವಕೀಲರ ಹತ್ತಿರ ಹೋಗಬೇಕು, ಹೋದಮೇಲೆ ಏನು ಕೇಳಬೇಕು ಅಂತ ನಮಗೆ ಹೇಳುವವರೇ ಇರಲಿಲ್ಲ.

ಅಕ್ಕನಿಗೆ ಮೂತ್ರಪಿಂಡದ ಕ್ಯಾನ್ಸರ್. ಎಡಗಡೆಯದನ್ನು ತೆಗೆದರು. 19 ವರ್ಷ ಆ ಮನೆಯಲ್ಲಿ ಎಲ್ಲರೂ ಕೊಳವೆಬಾವಿ ನೀರನ್ನೇ ಕುಡಿದಿದ್ದೆವು. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಅನುಮಾನ ಬರುವಂತಿರಲಿಲ್ಲ. ಲೋಹದ ಬಿಡಿಭಾಗಗಳ ಜಿಡ್ಡು ತೊಳೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕ ಮಣ್ಣಿಗೆ ಇಂಗಿ ಅಂತರ್ಜಲ ಸೇರಿತ್ತು. ಅದು ನೀರಿಗಿಂತ ಭಾರ. ಕೆಳಗೆ ಇಳಿಯುತ್ತಲೇ ಹೋಗುತ್ತದೆ, ಇಳಿದಲ್ಲಿ ದಶಕಗಟ್ಟಲೆ ಉಳಿಯುತ್ತದೆ.

ಮೊದಲು ಹೋದದ್ದು ಬೇರೊಂದು ಕಚೇರಿಗೆ. ಕೂತು ಹತ್ತು ನಿಮಿಷ ಆಗಿರಲಿಲ್ಲ, "ಗೆದ್ದೇ ಗೆಲ್ಲುತ್ತೇವೆ" ಅಂದರು, ಖಾಲಿ ಹಾಳೆಗಳಿಗೆ ಸಹಿ ಕೇಳಿದರು. ನೀರಿನ ವರದಿ ಇದೆಯಾ ಅಂತ ಕೇಳಲೇ ಇಲ್ಲ. ಎದ್ದು ಬಂದೆವು.

ಈ ಕಚೇರಿಯ ಹಿರಿಯ ವಕೀಲೆ ಕೇಳಿದ ಮೊದಲ ಪ್ರಶ್ನೆಯೇ ಬೇರೆ. "ಕಾಯಿಲೆ ಇದೆ ಅಂತ ತಿಳಿದ ತಾರೀಖು ಯಾವುದು? ಅದು ನೀರಿನಿಂದ ಇರಬಹುದು ಅಂತ ತಿಳಿದ ತಾರೀಖು ಯಾವುದು?" ನಮಗೆ ಎರಡೂ ಒಂದೇ ಅನಿಸಿತ್ತು. ದಾವೆ ಹೂಡುವ ಕಾಲಮಿತಿಯನ್ನು ಯಾವ ದಿನದಿಂದ ಎಣಿಸಬೇಕು ಎಂಬ ಒಂದೇ ಜಗಳದಲ್ಲಿ ಎಷ್ಟೋ ದಾವೆಗಳು ಬಿದ್ದುಹೋಗುತ್ತವಂತೆ. ಆಸ್ಪತ್ರೆಯ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ತನ್ನಿ ಎಂದು ಕಳಿಸಿದರು.

ನಾನು ತೊಳೆದ ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗಿದ್ದೆ. ಅದನ್ನು ಅವರು ಮುಟ್ಟಲಿಲ್ಲ, ಪ್ರಯೋಗಾಲಯದ ಹುಡುಗನನ್ನೇ ಮನೆಗೆ ಕಳಿಸಿದರು. ಆ ಹುಡುಗನ ಕೆಲಸ ನನ್ನ ಕಣ್ಣಿಗೆ ಕಟ್ಟಿದೆ. ನಲ್ಲಿಯ ತುದಿಯ ಜಾಲರಿ ಬಿಚ್ಚಿದ, ಸ್ವಲ್ಪ ಹೊತ್ತು ನೀರು ಹರಿಯಬಿಟ್ಟ, ಆಮೇಲೆ ಧಾರೆ ಸಣ್ಣ ಮಾಡಿ 40 ಮಿಲಿಲೀಟರಿನ ಗಾಜಿನ ಸೀಸೆಯ ಒಳಗೋಡೆಗೆ ತಾಗಿಸಿ ತುಂಬಿಸಿದ. ಬಾಯಂಚಿನ ಮೇಲೆ ನೀರು ಉಬ್ಬಿ ನಿಂತಾಗ ಮುಚ್ಚಳ ಬಿಗಿದು, ಸೀಸೆಯನ್ನು ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿದ. ಸಾಸಿವೆಯಷ್ಟು ಒಂದು ಗುಳ್ಳೆ ಮೇಲೇರಿತು. "ಇದಾಗಲ್ಲ ಸರ್" ಅಂತ ಪಕ್ಕಕ್ಕಿಟ್ಟು ಹೊಸ ಸೀಸೆ ತೆಗೆದ. ಈ ದ್ರಾವಕ ಬೇಗ ಆವಿಯಾಗುತ್ತದೆ, ಗುಳ್ಳೆಯಿದ್ದರೆ ಅದರೊಳಗೆ ಸೇರಿಕೊಂಡು ನೀರಿನ ಲೆಕ್ಕ ಕಡಿಮೆ ಬರುತ್ತದೆ. ಸೀಸೆಗಳು ಐಸ್ ಪೆಟ್ಟಿಗೆ ಸೇರಿದವು. ಯಾರು ತುಂಬಿಸಿದರು, ಎಷ್ಟು ಗಂಟೆಗೆ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಬರೆದ ಹಸ್ತಾಂತರದ ಚೀಟಿಗೆ ನಾನೂ ಸಹಿ ಹಾಕಿದೆ. ಮುಂದೆ ಪಾಟೀಸವಾಲಿನಲ್ಲಿ ಎದುರು ವಕೀಲರು ಮೊದಲು ಹಿಡಿದದ್ದು ಆ ಚೀಟಿಯನ್ನೇ. ಅದರಲ್ಲಿ ಒಂದು ನಿಮಿಷದ ತಪ್ಪೂ ಸಿಗಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಈ ದ್ರಾವಕಕ್ಕೆ ಹಾಕಿರುವ ಮಿತಿ ಲೀಟರಿಗೆ 8 ಮೈಕ್ರೋಗ್ರಾಂ. ನಮ್ಮ ನೀರಿನಲ್ಲಿ ಅದರ ಹಲವು ಪಟ್ಟು ಇತ್ತು.

ವರದಿ ಬಂದಾಗ ಕೇಸು ಮುಗಿದಂತೆಯೇ ಅಂದುಕೊಂಡೆ. ಹಿರಿಯ ವಕೀಲೆ ನನ್ನನ್ನು ಕೂರಿಸಿ ಬಿಡಿಸಿ ಹೇಳಿದರು. ಈ ರಾಸಾಯನಿಕ ಈ ಕಾಯಿಲೆ ತರಬಲ್ಲದೇ ಎಂಬುದು ಮೊದಲ ಮೆಟ್ಟಿಲು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಇದು ಮನುಷ್ಯರಲ್ಲಿ ಮೂತ್ರಪಿಂಡದ ಕ್ಯಾನ್ಸರ್ ತರುತ್ತದೆ ಎಂದು ತೀರ್ಮಾನಿಸಿದ್ದರಿಂದ ಅದು ಹತ್ತಬಹುದಾದ ಮೆಟ್ಟಿಲು. ಅಕ್ಕನಿಗೆ ಬಂದದ್ದು ಇದರಿಂದಲೇ ಎಂದು ತೋರಿಸುವುದು ಎರಡನೆಯದು, ಕಷ್ಟದ್ದು. ಅಕ್ಕನಿಗೆ ಮೊದಲಿನಿಂದ ರಕ್ತದೊತ್ತಡ ಇತ್ತು, ಅದೂ ಈ ಕ್ಯಾನ್ಸರಿಗೆ ಒಂದು ಕಾರಣವಾಗಬಲ್ಲದು. "ಅವರು ಅದನ್ನೇ ಹಿಡಿಯುತ್ತಾರೆ, ಮುಚ್ಚಿಡಬೇಡಿ" ಅಂದರು. ಅಮೆರಿಕದ ಉತ್ತರ ಕ್ಯಾರೊಲೈನಾದ ಕ್ಯಾಂಪ್ ಲೆಜೂನ್ ಸೇನಾ ನೆಲೆಯಲ್ಲಿ ಇದೇ ದ್ರಾವಕ ನೀರಿಗೆ ಸೇರಿತ್ತು. 1953ರಿಂದ 1987ರ ನಡುವೆ ಅಲ್ಲಿ ಕನಿಷ್ಠ 30 ದಿನ ಇದ್ದವರಿಗೆ ದಾವೆ ಹೂಡಲು 2022ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿದರು. ನಮ್ಮ ಬೆನ್ನಿಗೆ ಅಂಥದ್ದೇನೂ ಇಲ್ಲ ಎಂಬುದನ್ನು ಅವರು ಮೊದಲ ತಿಂಗಳೇ ಹೇಳಿಬಿಟ್ಟರು. ಆ ನೇರ ಮಾತಿನಿಂದಲೇ ನನಗೆ ಧೈರ್ಯ ಬಂತು.

ಆ ಎರಡನೆಯ ಮೆಟ್ಟಿಲಿಗಾಗಿ ಕಿರಿಯ ವಕೀಲರೊಬ್ಬರು ನೋಟ್‌ಬುಕ್ ಹಿಡಿದು ಐದು ದಿನ ಅಕ್ಕನ ಮುಂದೆ ಕೂತರು. ದಿನಕ್ಕೆ ಎಷ್ಟು ಲೋಟ, ಅಡುಗೆಗೆ ಯಾವ ನಲ್ಲಿ, ಬಿಸಿನೀರಿನ ಸ್ನಾನ ಎಷ್ಟು ಹೊತ್ತು. ಆವಿ ಉಸಿರಿನಲ್ಲೂ ಒಳಗೆ ಹೋಗುತ್ತದೆ, ಅದಕ್ಕೆ ಸ್ನಾನವೂ ಲೆಕ್ಕ. ಊರು ಬಿಟ್ಟು ಹೊರಗಿದ್ದ ತಿಂಗಳುಗಳನ್ನು ಕಳೆದರು. ಮೂರನೆಯ ದಿನ ಅಕ್ಕ ಮಾತು ನಿಲ್ಲಿಸಿ, "ಎಲ್ಲರಿಗೂ ಆ ನೀರು ತುಂಬಿಸಿ ಕೊಟ್ಟವಳು ನಾನೇ ಅಲ್ವಾ" ಅಂತ ಅತ್ತಳು. ಆತ ಪೆನ್ನು ಕೆಳಗಿಟ್ಟ. "ಅಕ್ಕಾ, ಸುರಿದವರು ಬೇರೆಯವರು" ಅಂದ. ಅವತ್ತು ಮತ್ತೆ ಏನೂ ಕೇಳಲಿಲ್ಲ.

ಇನ್ನು ಕಳೆದ ಒಂದು ಅಂಕ. ತಜ್ಞರ ವರದಿಯ ಖರ್ಚು ಫೀಸಿನಲ್ಲಿ ಸೇರಿಲ್ಲ, ಸೋತರೂ ಅದು ನಮ್ಮ ತಲೆಗೇ ಎಂಬುದು ಬಿಲ್ಲು ಕೈಗೆ ಬಂದಾಗ ತಿಳಿಯಿತು. ಸಹಿ ಹಾಕುವ ಮೊದಲೇ ಬಾಯಿಬಿಟ್ಟು ಹೇಳಬೇಕಿತ್ತು. ಮತ್ತೆ ನಡುವೆ ನಾಲ್ಕು ತಿಂಗಳು ಒಂದು ಫೋನೂ ಇಲ್ಲ. ಇಂಥ ಕೇಸು ನಿಧಾನ ಎಂದು ಗೊತ್ತಿತ್ತು. ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಸುತ್ತಲಿನ ನೀರಿಗೆ ಸಿ8 ಎಂಬ ಕಾರ್ಖಾನೆ ರಾಸಾಯನಿಕ ಸೇರಿದ್ದಕ್ಕೆ ಆರು ಕಾಯಿಲೆಗಳ ನಂಟಿದೆ ಎಂದು ವಿಜ್ಞಾನಿಗಳ ಸಮಿತಿ 2012ರ ಹೊತ್ತಿಗೆ ಹೇಳಿ ಮುಗಿಸಿತ್ತು; ಸುಮಾರು 3,550 ದಾವೆಗಳು 67 ಕೋಟಿ 10 ಲಕ್ಷ ಡಾಲರಿಗೆ ಇತ್ಯರ್ಥವಾದದ್ದು 2017ರಲ್ಲಿ. ಆದರೆ ಕೋರ್ಟು ನಿಧಾನವಾದರೆ ವಕೀಲರು ಸುಮ್ಮನಿರಬೇಕೆಂದಿಲ್ಲ. ಸ್ಕ್ಯಾನ್ ವರದಿಗೆ ಕಾಯುತ್ತಿರುವ ಮನೆಯಲ್ಲಿ ಆ ನಾಲ್ಕು ತಿಂಗಳು ಬಹಳ ದೊಡ್ಡದು.

ರಾಜಿಯ ದಿನ ಮಾತ್ರ ಅವರು ಬಗ್ಗಲಿಲ್ಲ. ಮೊತ್ತದ ಜೊತೆಗೆ ಮನೆಯ ಉಳಿದ ನಾಲ್ವರಿಗೆ ವರ್ಷಕ್ಕೊಮ್ಮೆ ತಪಾಸಣೆಯ ಖರ್ಚು ಬರೆಸಿದರು. ನೀರಿನ ವರದಿಯನ್ನೂ ಗುಟ್ಟಾಗಿಡಬೇಕು ಎಂಬ ಸಾಲನ್ನು ಸಂಜೆಯವರೆಗೆ ಕೂತು ಹೊಡೆದುಹಾಕಿಸಿದರು. ಹೆಸರು ತೆಗೆದ ಆ ವರದಿಯ ಪ್ರತಿಗಳನ್ನು ಅಕ್ಕಪಕ್ಕದ ಏಳು ಮನೆಗೂ ಕೊಟ್ಟು ಬಂದಿದ್ದೇನೆ. ಮೂರು ಮನೆಯವರು ತಮ್ಮ ನೀರು ಪರೀಕ್ಷೆಗೆ ಕೊಟ್ಟಿದ್ದಾರೆ, ಅದೇ ಹುಡುಗ ಬಂದು ಸೀಸೆ ತುಂಬಿಸಿಕೊಂಡು ಹೋದ.