ಎ.ಎ. ಮೀಟಿಂಗ್‌ನಲ್ಲಿ ದೇವರು ಎಷ್ಟಿರಬೇಕು? ಕಾಸರಗೋಡಿನಿಂದ ಒಬ್ಬ ಹಳೇ ಸದಸ್ಯನ ವಿಮರ್ಶೆ

ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ. ಅದರ ಮೀಟಿಂಗ್‌ಗೆ ನಾನು ಹಲವು ವರ್ಷಗಳಿಂದ ಹೋಗುತ್ತಿದ್ದೇನೆ. ಕುಡಿತ ಬಿಡಬೇಕು ಎಂದಿರುವವರು ಧೈರ್ಯವಾಗಿ ಹೋಗಿ. ಆದರೆ ಹೊಸಬರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ದೇವರು, ಪ್ರಾರ್ಥನೆ ಎಲ್ಲ ಜಾಸ್ತಿಯಂತೆ, ಹೌದಾ?"

ಪ್ರಾರ್ಥನೆ ಇದೆ. ಕುಡಿತದಿಂದ ಹೊರಬರಲು ಎ.ಎ. ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ಎರಡನೆಯದೇ ನಮಗಿಂತ ದೊಡ್ಡ ಶಕ್ತಿಯನ್ನು ನಂಬುವುದು. ಮೂರನೆಯದರಲ್ಲಿ ದೇವರು ನೇರವಾಗಿ ಬರುತ್ತಾನೆ. 1935ರಲ್ಲಿ ಅಮೆರಿಕದ ಓಹಾಯೊದಲ್ಲಿ ಇದನ್ನು ಶುರು ಮಾಡಿದ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಇಬ್ಬರಿಗೂ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟದ ನಂಟಿತ್ತು. ಆದರೆ ಆರಂಭದ ಸದಸ್ಯರಲ್ಲಿ ದೇವರನ್ನು ಒಪ್ಪದವರೂ ಇದ್ದರು. ಅವರು ಪಟ್ಟು ಹಿಡಿದರು. ಹಾಗಾಗಿ 1939ರಲ್ಲಿ ಹೆಜ್ಜೆಗಳು ಅಚ್ಚಾದಾಗ, ದೇವರನ್ನು ಅವರವರು ಅರಿತಂತೆ ಎಂದು ಬರೆದರು. ಗುಂಪಿಗೆ ಸೇರಲು ಕುಡಿತ ಬಿಡುವ ಆಸೆ ಒಂದಿದ್ದರೆ ಸಾಕು, ಇನ್ಯಾವ ಷರತ್ತೂ ಇಲ್ಲ.

ನಮ್ಮ ಕಡೆ ಈ ಸಡಿಲಿಕೆ ತುಂಬಾ ಮುಖ್ಯ. ಇಲ್ಲಿ ಕೆಲವು ದೈವಗಳಿಗೆ ಕಳ್ಳು, ಸಾರಾಯಿ ಬಡಿಸುತ್ತಾರೆ. ಕೊರಗಜ್ಜ ದೈವಕ್ಕೆ ಅಗೆಲು, ಅಂದರೆ ಎಡೆ ಕೊಡುವಾಗ ಅದು ಇರುತ್ತದೆ. ದಕ್ಷಿಣಕ್ಕೆ ಹೋದರೆ ಮುತ್ತಪ್ಪ ದೈವಕ್ಕೂ ಕಳ್ಳು, ಒಣಮೀನು. ಒಮ್ಮೆ ಮೀಟಿಂಗ್‌ನಲ್ಲಿ ಒಬ್ಬರು ಇದನ್ನೇ ಎತ್ತಿದರು. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. "ಕುಟುಂಬದ ಮನೆಯಲ್ಲಿ ಅಗೆಲು ಇದೆ. ಪ್ರಸಾದ ಬೇಡ ಅಂದರೆ ಕೊರಗಜ್ಜನನ್ನೇ ಬೇಡ ಅಂದ ಹಾಗೆ ಆಗುತ್ತದಲ್ವಾ?" ಯಾರೂ ಉಪದೇಶಕ್ಕೆ ಹೋಗಲಿಲ್ಲ. ಒಬ್ಬ ಹಿರಿಯರು ತಾನು ಮಾಡುವುದನ್ನು ಮಾತ್ರ ಹೇಳಿದರು. "ನಾನು ಹೋಗುತ್ತೇನೆ. ಎದುರು ನಿಂತು ಕೈ ಮುಗಿಯುತ್ತೇನೆ, ಚಕ್ಕುಲಿ, ವೀಳ್ಯ ತೆಗೆದುಕೊಳ್ಳುತ್ತೇನೆ. ಬಾಟಲಿ ಹೊರಗೆ ಬರುವಾಗ ನಾನು ಬಸ್ಸಿನಲ್ಲಿ ಇರುತ್ತೇನೆ. ಅಜ್ಜನಿಗೆ ನನ್ನ ವಿಷಯ ಗೊತ್ತುಂಟು." ಕೇಳಿದವರ ಮುಖ ಅಲ್ಲೇ ಹಗುರಾಯಿತು. ಡಾಕ್ಟರು ಇಂಥ ಉತ್ತರ ಕೊಡುವುದು ಕಷ್ಟ. ಅದೇ ಗದ್ದೆಯಲ್ಲಿ ನಡೆದವರೇ ಬೇಕು.

ಇನ್ನೊಂದು ನಮ್ಮ ಆಣೆ. ಕುಡುಕನನ್ನು ಗುಡಿಗೆ ಕರೆದುಕೊಂಡು ಹೋಗಿ ಆಣೆ ಹಾಕಿಸುವುದು ನಮ್ಮ ಎಲ್ಲಾ ಮನೆಗಳಿಗೂ ಗೊತ್ತು. ಕೆಲವರಿಗೆ ಅದು ಹಿಡಿಯುತ್ತದೆ, ಇಲ್ಲ ಎನ್ನುವುದಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಎಂಟು ದಿನದ ಮದ್ಯವರ್ಜನ ಶಿಬಿರದಲ್ಲೂ ಭಕ್ತಿಗೆ ದೊಡ್ಡ ಜಾಗ ಇದೆ. ಆಮೇಲೆ ಶಿಬಿರ ಮುಗಿಸಿದವರ ನವಜೀವನ ಸಮಿತಿಯಲ್ಲಿ ಜೊತೆ ಬಿಡುವುದಿಲ್ಲ. ಅಲ್ಲಿಂದ ಬಂದು ಚೆನ್ನಾಗಿರುವವರು ನನ್ನ ಗೆಳೆಯರಲ್ಲೇ ಇದ್ದಾರೆ. ಆದರೆ ಬರೀ ಆಣೆ ಹಾಕಿಸಿ ಮನೆಗೆ ಕಳಿಸಿದರೆ, ತಪ್ಪಿದ ದಿನ ಅವನು ದೇವರಿಗೂ ಹೆದರುತ್ತಾನೆ, ಮನೆಯವರಿಗೂ ಹೆದರುತ್ತಾನೆ. ಹೆದರಿಕೆಗೆ ಮತ್ತೆ ಕುಡಿಯುತ್ತಾನೆ. ಎ.ಎ.ಯಲ್ಲಿ ಜೀವನಪೂರ್ತಿಯ ಮಾತು ಯಾರೂ ಕೇಳುವುದಿಲ್ಲ. ಇವತ್ತೊಂದು ದಿನ ಕುಡಿಯಬೇಡ, ಅಷ್ಟೇ. ಬಿದ್ದರೆ ನಾಳೆ ಬಂದು ಅದೇ ಬೆಂಚಿನಲ್ಲಿ ಕೂರಬಹುದು.

ನನಗೆ ಈಗಲೂ ನೋವು ಕೊಡುವ ಸಂಗತಿ ಒಂದಿದೆ. ಹೆಸರು ಬೇಡ, ನಾನು ಹೋಗುತ್ತಿದ್ದ ಒಂದು ಗುಂಪಿನಲ್ಲಿ ಮೀಟಿಂಗ್‌ಗೆ ಮುಂಚೆ ಫೋಟೋ, ದೀಪ, ಎರಡು ಭಜನೆ ಶುರುವಾಯಿತು. ಮಾಡಿದವರ ಮನಸ್ಸು ಒಳ್ಳೆಯದೇ. ಆದರೆ ಅಲ್ಲಿಗೆ ಒಬ್ಬ ಬ್ಯಾರಿ ಮುಸ್ಲಿಂ ಹುಡುಗ ಬರುತ್ತಿದ್ದ. ಕುಡಿತವೇ ಹರಾಮ್ ಆಗಿರುವ ಮನೆಯಲ್ಲಿ "ನಾನು ಕುಡುಕ" ಎಂದು ಬಾಯಿ ಬಿಡುವುದು ಎಷ್ಟು ಕಷ್ಟ, ಯೋಚಿಸಿ. ಅವನು ಅದನ್ನು ಹೇಳುತ್ತಿದ್ದ ಜಾಗ ಅದೊಂದೇ. ಕೆಲವು ವಾರ ಬಾಗಿಲ ಹತ್ತಿರ ಚಪ್ಪಲಿ ಬಿಚ್ಚದೆ ನಿಂತಿದ್ದ. ಮತ್ತೆ ಬರಲಿಲ್ಲ. ಭಜನೆ ಬೇಕಾದವರಿಗೆ ಭಜನಾ ಮಂದಿರ ಊರಿಗೊಂದಿದೆ. ಅವನಿಗೆ ಬೇರೆ ಜಾಗ ಇರಲಿಲ್ಲ.

ಈಗಿನ ನಮ್ಮ ಗುಂಪು ಹಾಗಲ್ಲ. ಪ್ರಾರ್ಥನೆಯ ಹೊತ್ತಿಗೆ ಒಬ್ಬರು ಶಿಲುಬೆ ಗುರುತು ಮಾಡುತ್ತಾರೆ, ಒಬ್ಬರು ಮಧೂರು ಗಣಪತಿಯನ್ನು ನೆನೆಯುತ್ತಾರೆ. ಕಮ್ಯುನಿಸ್ಟ್ ಪಾರ್ಟಿಯ ಕೆಲಸ ಮಾಡಿಕೊಂಡಿರುವ ಒಬ್ಬರು ಸುಮ್ನೆ ನಿಲ್ಲುತ್ತಾರೆ. "ನನಗೆ ದೊಡ್ಡ ಶಕ್ತಿ ಅಂದರೆ ನೀವಿಷ್ಟು ಜನ" ಎನ್ನುತ್ತಾರೆ. ಅವರೂ ಕುಡಿಯದೆ ಇದ್ದಾರೆ, ಉಳಿದವರೂ ಇದ್ದಾರೆ. 2020ರಲ್ಲಿ ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಪೂರ್ತಿ ಕುಡಿಯದೆ ಇರುವ ವಿಷಯದಲ್ಲಿ ಎ.ಎ. ದಾರಿ ಬೇರೆ ಚಿಕಿತ್ಸೆಗಳಿಗೆ ಸಮ, ಕೆಲವೆಡೆ ಅದಕ್ಕಿಂತ ಮೇಲು ಎಂದು ಕಂಡಿತ್ತು.

ಒಂದು ಎಚ್ಚರಿಕೆ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೇ ಅಪಾಯ. ಇದಕ್ಕೆ ಹರಕೆಯೂ ಸಾಲದು, ಮೀಟಿಂಗೂ ಸಾಲದು. ಮೊದಲು ಆಸ್ಪತ್ರೆಗೆ ಹೋಗಿ. ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯಲ್ಲಿ ಚಿಕಿತ್ಸಾ ಕೇಂದ್ರಗಳಿವೆ.

ಫೀಸು ಇಲ್ಲ. ಕೊನೆಗೆ ಡಬ್ಬಿ ಬರುತ್ತದೆ, ಕೈಲಾದಷ್ಟು ಹಾಕಬಹುದು. ಹೊರಗಿನವರ ದುಡ್ಡು ತೆಗೆದುಕೊಳ್ಳುವುದಿಲ್ಲ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಭಾಷೆಗೆ. ಓದುವುದೆಲ್ಲ ಮಲಯಾಳದಲ್ಲಿ. ಪೆರ್ಲ, ಬದಿಯಡ್ಕ ಕಡೆಯಿಂದ ಬರುವ ವಯಸ್ಸಾದವರಿಗೆ ಅರ್ಧ ತಲುಪುವುದಿಲ್ಲ. ಮಾತಾಡುವ ಸರದಿ ಬಂದಾಗ ಕನ್ನಡ, ತುಳು ಯಾವುದರಲ್ಲಿ ಬೇಕಾದರೂ ಮಾತಾಡಿ, ಯಾರೂ ತಡೆಯುವುದಿಲ್ಲ. ಕನ್ನಡದಲ್ಲಿ ಓದಿ ಹೇಳಲು ಇನ್ನಿಬ್ಬರು ಸಿಕ್ಕಿದರೆ ನಮಗೆ ದೊಡ್ಡ ಉಪಕಾರ.