ರೀಬೌಂಡರ್ ನೆಟ್: ಐದು ತಿಂಗಳು ಒದ್ದ ಮೇಲೆ

ನನಗೆ ನಲವತ್ತೊಂದು ವರ್ಷ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ಇಟ್ಟುಕೊಂಡಿದ್ದೇನೆ. ಭಾನುವಾರ ಬೆಳಿಗ್ಗೆ ಕಾಲೇಜು ಹುಡುಗರ ಜೊತೆ ಫುಟ್‌ಬಾಲ್ ಆಡುತ್ತೇನೆ. ಓಡೋದಕ್ಕೆ ತೊಂದರೆ ಇಲ್ಲ. ಪಾಸ್ ಬಂದಾಗಲೇ ಕಷ್ಟ. ಚೆಂಡು ಕಾಲಿಗೆ ಬಡಿದು ಎರಡು ಮಾರು ಆಚೆ ಹಾರುತ್ತಿತ್ತು, ಎದುರಿನ ಹುಡುಗ ಆರಾಮಾಗಿ ತಗೊಂಡು ಹೋಗುತ್ತಿದ್ದ. ಹುಡುಗರು ನನಗೆ ಇಟ್ಟ ಹೆಸರು ‘ಗೋಡೆ ಅಣ್ಣ’. ನನ್ನ ಡಿಫೆನ್ಸ್ ಗಟ್ಟಿ ಅಂತ ಹೊಗಳುತ್ತಿದ್ದಾರೆ ಅಂದುಕೊಂಡು ಒಂದು ತಿಂಗಳು ಖುಷಿಯಾಗೇ ಇದ್ದೆ.

ಅರ್ಥ ಗೊತ್ತಾದ ಮೇಲೆ ಆನ್‌ಲೈನಲ್ಲಿ ಈ ನೆಟ್ ತರಿಸಿದೆ. 4,300 ರೂಪಾಯಿ. ಐದು ಅಡಿ ಚೌಕದ ಪೈಪ್ ಫ್ರೇಮು, ಅದಕ್ಕೆ ಇಲಾಸ್ಟಿಕ್ ಹಗ್ಗದಲ್ಲಿ ಬಿಗಿದ ಬಲೆ. ಒದ್ದ ಚೆಂಡು ವಾಪಸ್ ಬರುತ್ತೆ, ಅಷ್ಟೇ. ಹಿಂದಿನ ಕಾಲು ಮಡಚಿದರೆ ಬಲೆ ಮೂರು ಕೋನದಲ್ಲಿ ವಾಲುತ್ತೆ.

ಮೊದಲ ದಿನವೇ ಜಗಳ. ನೆಲಕ್ಕೆ ಹೊಡೆಯೋಕೆ ಅಂತ ನಾಲ್ಕು ಗೂಟ ಕೊಟ್ಟಿದ್ದರು. ನಮ್ಮೂರ ನೆಲ ಗೊತ್ತಲ್ವಾ? ಮೂರು ಗೂಟ ಬಗ್ಗಿದವು, ನಾಲ್ಕನೆಯದು ಕಲ್ಲಿಗೆ ತಾಗಿ ಹಾರಿ ಪಕ್ಕದ ಬೈಕಿಗೆ ಬಡೀತು. ಮಾರಿದವರಿಗೆ ಫೋಟೋ ಕಳಿಸಿದೆ. ‘ಹುಲ್ಲಿನ ಮೇಲೆ ಬಳಸಿ ಸರ್’ ಅಂತ ಉತ್ತರ ಬಂತು. ಹುಲ್ಲಿನ ಮೈದಾನ ಬೇಕಂದರೆ ನಾನು ತೋರಣಗಲ್ಲು ಕಡೆ ಬಸ್ ಹತ್ತಬೇಕು. ಕೊನೆಗೆ ಎರಡು ಗೋಣಿಚೀಲಕ್ಕೆ ಕೆಮ್ಮಣ್ಣು ತುಂಬಿ ಫ್ರೇಮಿನ ಮೇಲೆ ಹೇರಿದೆ. ಇವತ್ತಿಗೂ ಅಲ್ಲಾಡಿಲ್ಲ.

ಈಗ ಮುಖ್ಯ ವಿಷಯ. ನೆಲದ ಮೇಲೆ ಉರುಳಿ ಬರುವ ಚೆಂಡಿಗೆ ಈ ನೆಟ್ ಬೇಕಾಗಿಲ್ಲ. ಗೋಡೆ ಸಾಕು, ಅದು ಪುಕ್ಕಟೆ. ಗೋಡೆಯಿಂದ ಚೆಂಡು ಇನ್ನೂ ಜೋರಾಗಿ, ನೇರವಾಗಿ ಬರುತ್ತೆ. ಚೆಂಡನ್ನು ಕಾಲಲ್ಲಿ ಹಿಡಿಯೋದನ್ನು ನಾನು ಕಲಿತದ್ದು ನಮ್ಮ ಯೂನಿಟ್ ಹಿಂದಿನ ಕಾಂಪೌಂಡಿಗೆ ಒದ್ದೇ. ನನ್ನ ತಪ್ಪು ಏನಿತ್ತು ಅಂದರೆ ಕಾಲನ್ನು ಕಂಬದ ಹಾಗೆ ನೆಟ್ಟು ನಿಲ್ಲುತ್ತಿದ್ದೆ. ಗಾರೆ ಕೆಲಸದವರು ಇಟ್ಟಿಗೆ ಎಸೆದು ಹಿಡಿಯೋದನ್ನು ನೋಡಿ. ಕೈ ಮುಂದೆ ಚಾಚುತ್ತಾರೆ, ಇಟ್ಟಿಗೆ ತಾಗಿದ ಕೂಡಲೇ ಅದರ ಜೊತೆಗೇ ಹಿಂದಕ್ಕೆ ತರುತ್ತಾರೆ. ಕಾಲೂ ಹಾಗೇ. ಪಾದದ ಒಳಬದಿ ಚೆಂಡಿನ ಕಡೆ ತಿರುಗಿರಬೇಕು, ಹೆಬ್ಬೆರಳು ಸ್ವಲ್ಪ ಮೇಲೆ, ಹಿಮ್ಮಡಿಗಂಟು ಬಿಗಿ. ಹಿಂದಕ್ಕೆ ಸರಿಯಬೇಕಾದದ್ದು ಇಡೀ ಕಾಲು. ಪಾದ ನೆಲಕ್ಕೆ ಅಂಟಿದ್ದರೆ ಚೆಂಡು ಮೇಲೆ ಹತ್ತಿ ಹಾರುತ್ತೆ, ತೀರಾ ಎತ್ತಿದರೆ ಕೆಳಗೆ ನುಸುಳುತ್ತೆ. ಚೆಂಡಿನ ನಡುಮಟ್ಟಕ್ಕೆ ಪಾದ ಬಂದರೆ ಸರಿ.

ದುಡ್ಡು ದಕ್ಕೋದು ನೆಟ್ಟನ್ನು ಹಿಂದಕ್ಕೆ ವಾಲಿಸಿದಾಗ. ಚೆಂಡು ಮೇಲೆದ್ದು ಎದೆಗೆ, ತೊಡೆಗೆ ಬರುತ್ತೆ. ಒಬ್ಬನೇ ಇದ್ದಾಗ ಗೋಡೆಯಿಂದ ಇಂಥ ಚೆಂಡು ಹತ್ತು ಸಲ ಒಂದೇ ಥರ ಬರಲ್ಲ. ಮೊದಲ ವಾರ ಎದೆಗೆ ಬಡಿದದ್ದೆಲ್ಲ ಮುಂದಕ್ಕೇ ಚಿಮ್ಮಿತು. ಆಮೇಲೆ ತಾಗುವ ಹೊತ್ತಿಗೆ ಉಸಿರು ಬಿಟ್ಟು, ಸೊಂಟದಿಂದ ಸ್ವಲ್ಪ ಹಿಂದಕ್ಕೆ ಬಾಗಿದೆ. ಚೆಂಡು ಕಾಲ ಬುಡಕ್ಕೇ ಬಿತ್ತು. ಆವತ್ತು ಯೂನಿಟ್ಟಿಗೆ ಬಂದು ಸುಮ್ನೆ ಎಲ್ಲರಿಗೂ ಟೀ ಕೊಡಿಸಿದೆ. ಕಾರಣ ಯಾರಿಗೂ ಗೊತ್ತಿಲ್ಲ.

ಈ ಹುಚ್ಚು ಹಳೆಯದು. 1998ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಅರ್ಜೆಂಟೀನಾ ಮೇಲೆ ಹಾಲೆಂಡಿನ ಬರ್ಗ್‌ಕ್ಯಾಂಪ್ ಹೊಡೆದ ಗೋಲನ್ನು ಪಕ್ಕದ ಮನೆ ಟಿವಿಯಲ್ಲಿ ನೋಡಿದ್ದೆ. ಆಟ ಇನ್ನೇನು ಮುಗಿಯಬೇಕು, ಹಾಲೆಂಡಿನವನೇ ಆದ ಡಿ ಬೋಯರ್ ಮೈದಾನದಲ್ಲಿ ತಮ್ಮ ಕಡೆಯ ಅರ್ಧದಿಂದ ಉದ್ದಕ್ಕೆ ಒದ್ದ ಚೆಂಡು ಆಕಾಶದಿಂದ ಬಂತು. ಬರ್ಗ್‌ಕ್ಯಾಂಪ್ ಬಲಗಾಲು ಚಾಚಿ ಅದನ್ನು ಇಳಿಸಿಕೊಂಡ, ಎರಡನೇ ಸಲ ಮುಟ್ಟಿ ಡಿಫೆಂಡರನ್ನು ದಾಟಿದ, ಮೂರನೆಯದು ಗೋಲು. ಎಲ್ಲರೂ ಗೋಲಿಗೆ ಕೂಗಿದರು. ನನಗೆ ಆ ಮೊದಲನೆಯದೇ ಕಣ್ಣಲ್ಲಿ ಉಳಿಯಿತು.

ಒಂದು ಕಿವಿಮಾತು, ನೆಟ್ಟಿಗೂ ಇದಕ್ಕೂ ಸಂಬಂಧ ಇಲ್ಲ. ಚೆಂಡಿನ ಗಾಳಿ ನೋಡಿಕೊಳ್ಳಿ. ದೊಡ್ಡವರು ಆಡುವ ಐದನೇ ಸೈಜಿನ ಚೆಂಡಿಗೆ ನಿಯಮದ ಪ್ರಕಾರ ಗಾಳಿಯ ಒತ್ತಡ ಸುಮಾರು 8.5ರಿಂದ 15.6 ಪಿಎಸ್‌ಐ. ಪಂಕ್ಚರ್ ಅಂಗಡಿಯಲ್ಲಿ ಕಣ್ಣಂದಾಜಿಗೆ ತುಂಬಿಸಿಕೊಂಡ ನನ್ನ ಚೆಂಡು ಕಲ್ಲಾಗಿತ್ತು. ಬಿಸಿಲಲ್ಲಿಟ್ಟರೆ ಇನ್ನೂ ಉಬ್ಬುತ್ತೆ. ಅಂಥ ಚೆಂಡನ್ನು ಹಿಡಿಯೋಕಾಗಲಿಲ್ಲ ಅಂತ ಕಾಲನ್ನು ಬೈಯಬೇಡಿ.

ನೆಟ್ಟಿನ ದೊಡ್ಡ ದೋಷ ಇಲಾಸ್ಟಿಕ್. ಏಪ್ರಿಲ್ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತು, ಬಲೆ ಜೋಲಿಯಾಯಿತು. ಬದಲಿ ಹಗ್ಗ ಕೇಳಿದರೆ ಸ್ಟಾಕ್ ಇಲ್ಲವಂತೆ. ನಮ್ಮ ಟೈಲರ್ ಸೊಂಟಪಟ್ಟಿಯ ಅಗಲ ಇಲಾಸ್ಟಿಕ್ಕನ್ನು ಮಡಚಿ, ಜೀನ್ಸ್ ದಾರದಲ್ಲಿ ಎರಡು ಸಾಲು ಹೊಲಿದು ಕೊಟ್ಟರು. ಕಂಪನಿ ಹಗ್ಗಕ್ಕಿಂತ ಅದೇ ಬಿಗಿಯಾಗಿದೆ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಗೋಡೆ ಇದ್ದವರು ಮೊದಲು ಎರಡು ತಿಂಗಳು ಗೋಡೆಗೆ ಒದೆಯಿರಿ, ಎದೆ ಮಟ್ಟದ ಚೆಂಡಿನ ಆಸೆ ಹುಟ್ಟಿದರೆ ಮಾತ್ರ ಇದನ್ನು ತಗೊಳ್ಳಿ. ಆಟ ಮುಗಿದ ಮೇಲೆ ನೆರಳಿಗೆ ಎತ್ತಿಡಿ. ನನ್ನದು ಕಟಿಂಗ್ ಟೇಬಲ್ ಹಿಂದೆ ಇರುತ್ತೆ. ಮಳೆ ಬಂದ ದಿನ ಅದರ ಮೇಲೆ ಎಲ್ಲರ ಅಂಗಿ ಒಣಗುತ್ತಿರುತ್ತೆ.