ಹೊಸ ಸಿನಿಮಾದ "ಎಕ್ಸ್‌ಟ್ರಾ ಟಿಕೆಟ್" ಅಂತ ಬರೋರಿಗೆ ದುಡ್ಡು ಕಳಿಸಬೇಡ್ರಿ, ಕಲಬುರಗಿ ಮಂದಿ ಓದಿ

ವಾಟ್ಸಾಪ್ ಗ್ರೂಪ್‌ನಲ್ಲಿ ಯಾರಾದ್ರೂ "ಸರ್, ನಾಕು ಟಿಕೆಟ್ ಎಕ್ಸ್‌ಟ್ರಾ ಅವ" ಅಂತ ಬಂದರೆ ಒಂದು ರೂಪಾಯಿನೂ ಕಳಿಸಬೇಡಿ. ಒಂದೇ ಒಂದು ರೂಪಾಯಿನೂ. ನನ್ನ 1,600 ರೂಪಾಯಿ ಹೋಯ್ತು. ಅದಕ್ಕಿಂತ ಜಾಸ್ತಿ, ದಸರಾಕ್ಕೆ ಅಂತ ಶಹಾಪುರದಿಂದ ಬಂದಿದ್ದ ಅಕ್ಕ, ಭಾವ, ಅಳಿಯನ ಮುಂದೆ ಮರ್ಯಾದೆ ಹೋಯ್ತು.

ಕಾಂತಾರ ಚಾಪ್ಟರ್ 1 ಬಿಡುಗಡೆ ಸಮಯದ ಮಾತು ಇದು. 2025ರ ಅಕ್ಟೋಬರ್ 2. ಗಾಂಧಿ ಜಯಂತಿ, ವಿಜಯದಶಮಿ ಎರಡೂ ಒಂದೇ ದಿನ, ಊರಿಗೆ ಊರೇ ರಜೆ. ನಮ್ಮ ಸಿನಿಮಾ ಗ್ರೂಪ್‌ನಲ್ಲಿ ಅದಕ್ಕೂ ಮೊದಲಿಂದಲೇ ಹಗಲು ರಾತ್ರಿ ಜಗಳ. 2022ರಲ್ಲಿ ಬಂದಿದ್ದ ಕಾಂತಾರನ ಇದು ಮೀರಿಸುತ್ತೋ ಇಲ್ವೋ, ಕೆಜಿಎಫ್ 2ರ ಮುಂದೆ ನಿಲ್ಲುತ್ತೋ ಇಲ್ವೋ. ಒಬ್ಬರು ಕದಂಬರ ಕಾಲದ ಕಥೆ ಅಂತ ಹಿಗ್ಗಿದ್ರೆ ಇನ್ನೊಬ್ಬರು "ನಮ್ಮ ಮಳಖೇಡದ ರಾಷ್ಟ್ರಕೂಟರ ಸಿನಿಮಾ ಯಾವಾಗ ಮಾಡ್ತಾರ್ರಿ?" ಅಂತ ಕೇಳೋದು. (ಇದು ನನ್ನ ಪ್ರಶ್ನೆನೂ ಹೌದು.)

ನನಗೆ ಟಿಕೆಟ್ ಮಾರಿದ ಮನುಷ್ಯ ಆ ಗ್ರೂಪ್‌ನಲ್ಲೇ ಇದ್ದ. ನಾನು ನಂಬಿದ್ದು ಯಾಕೆ ಗೊತ್ತಾ? ಸಿನಿಮಾ ನೋಡೋರು ಮಾಂಸ ತಿನ್ನಬಾರದು, ಕುಡಿಯಬಾರದು, ಸೇದಬಾರದು ಅಂತ ಒಂದು ಪೋಸ್ಟರ್ ಆಗ ಎಲ್ಲ ಕಡೆ ಹರಿದಾಡಿತ್ತಲ್ವಾ, ಅದು ಸುಳ್ಳು, ಚಿತ್ರತಂಡದ್ದಲ್ಲ ಅಂತ ರಿಷಬ್ ಶೆಟ್ಟಿ ಅವರೇ ಹೇಳಿದ್ರು. ಅದನ್ನ ನಮ್ಮ ಗ್ರೂಪ್‌ನಲ್ಲಿ ಮೊದಲು ಹಾಕಿದವನು ಇವನೇ. "ಫೇಕ್ ನಂಬಬ್ಯಾಡ್ರಿ, ಚೆಕ್ ಮಾಡಿ ಶೇರ್ ಮಾಡ್ರಿ" ಅಂತ ಬುದ್ಧಿ ಬೇರೆ ಹೇಳಿದ್ದ. ಅಂಥವನು ಮೋಸ ಮಾಡ್ತಾನೆ ಅಂತ ಯಾರು ಅಂದ್ಕೊಳ್ತಾರೆ?

ರೇಟಿಗೂ ಅವನ ಹತ್ರ ಕಾರಣ ರೆಡಿ ಇತ್ತು. ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್‌ಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತ್ತು. ಮಲ್ಟಿಪ್ಲೆಕ್ಸ್‌ನವರು, ನಿರ್ಮಾಪಕರು ಕೋರ್ಟಿಗೆ ಹೋದ್ರು, ಸೆಪ್ಟೆಂಬರ್ 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. "ಸ್ಟೇ ಬಂದದ ಸರ್, ಇನ್ನ ರೇಟ್ ಎಲ್ಲಿಗಿ ಹೋಗ್ತದೋ ಗೊತ್ತಿಲ್ಲ, ನಾನೂರರಂಗ ಕೊಡ್ಲಾಕತ್ತೀನಿ, ನಮ್ಮ ಊರವ್ರಂತ" ಅಂದ. ಕೌಂಟರ್‌ನಲ್ಲಿ ಏನು ರೇಟ್ ಇದೆ ಅಂತ ಕೇಳಿದ್ರೆ "ಸಿಕ್ಕರ ಅಲ್ಲ?" ಅಂದ. ಆ್ಯಪ್‌ನಲ್ಲಿ ನೋಡಿದ್ರೆ ರಾತ್ರಿ ಶೋ ಪೂರ್ತಿ ಭರ್ತಿ. ಹಣ ಕಳಿಸಿದೆ, ಕೂಡಲೇ ಟಿಕೆಟ್‌ನ ಸ್ಕ್ರೀನ್‌ಶಾಟ್ ಬಂತು. ಕ್ಯೂಆರ್ ಕೋಡ್, ಎಫ್ ಸಾಲು, 11ರಿಂದ 14. ಎಲ್ಲ ಸರಿಯಾಗೇ ಇತ್ತು.

ಬನ್ನಿ ಮುಡಿದು, ಓಣಿಯ ಹಿರಿಯರಿಗೆಲ್ಲ ಬಂಗಾರ ಕೊಟ್ಟು, ಹೊಸ ಬಟ್ಟೆಯಲ್ಲೇ ಹೊರಟೆವು. ಅಳಿಯನ ಶರ್ಟ್ ಜೇಬಿನಲ್ಲಿ ಇನ್ನೂ ಬನ್ನಿ ಎಲೆ ಇತ್ತು. ಗೇಟ್ ಹತ್ರ ಫೋನಿನ ಬೆಳಕು ಜಾಸ್ತಿ ಮಾಡಿ ಹಿಡಿದೆ. ಹುಡುಗ ಸ್ಕ್ಯಾನ್ ಮಾಡಿದ. ಕೆಂಪು. ಮತ್ತೆ ಮಾಡಿದ. ಕೆಂಪು. "ಇದು ಆಗ್ಲೇ ಒಳಗ ಹೋಗ್ಯಾದ್ರಿ" ಅಂದ. ಹಿಂದಿನ ಸಾಲಿನವರು "ಜಲ್ದಿ ಬಿಡ್ರಿ" ಅಂತ ನೂಕ್ತಿದ್ರು.

ಪಕ್ಕಕ್ಕೆ ಬಂದರೆ ಅಲ್ಲಿ ಆಳಂದದ ಇಬ್ಬರು ಹುಡುಗರು ಅದೇ ಮುಖ ಮಾಡ್ಕೊಂಡು ನಿಂತಿದ್ರು. ಅವರ ಫೋನ್ ನೋಡಿದೆ. ಅದೇ ಎಫ್ 11ರಿಂದ 14. ಅದೂ ಹೋಗ್ಲಿ, ಸ್ಕ್ರೀನ್‌ಶಾಟ್‌ನ ಮೇಲ್ತುದಿಯಲ್ಲಿ ಬ್ಯಾಟರಿ 34 ಪರ್ಸೆಂಟ್. ನನ್ನ ಚಿತ್ರದಲ್ಲೂ 34 ಪರ್ಸೆಂಟ್. ಒಂದೇ ಚಿತ್ರವನ್ನ ಅವನು ಎಷ್ಟು ಜನಕ್ಕೆ ಮಾರಿದ್ದನೋ ದೇವರೇ ಬಲ್ಲ. ಮೊದಲು ಬಂದ ಯಾರೋ ಒಳಗೆ ಆರಾಮಾಗಿ ಕೂತಿದ್ರು. ಭಾವ ಒಂದು ಮಾತೂ ಆಡಲಿಲ್ಲ, ಪಾರ್ಕಿಂಗ್ ಕಡೆ ನಡೆದರು. ಬೈದಿದ್ರೂ ಪರವಾಗಿರಲಿಲ್ಲ.

ಅವನ ಉತ್ತರಗಳನ್ನ ಕೇಳಿ. ಮೊದಲ ಫೋನಿಗೆ "ಸ್ಕ್ಯಾನರ್ ಪ್ರಾಬ್ಲಮ್ ಇರ್ತದ ಸರ್, ಐದು ಮಿನಿಟ್ ನಿಂದ್ರಿ." ಐದು ನಿಮಿಷ ಆದ್ಮೇಲೆ "ನೀವು ಲೇಟಾಗಿ ಹೋಗೀರಿ, ನಿಮ್ಮ ಸೀಟಿನ್ಯಾಗ ಯಾರರೆ ಕುಂತ್ರ ನಾ ಏನ್ ಮಾಡ್ಲಿ?" ನಾವು ಲೇಟಾಗಿ ಹೋಗಿದ್ವಂತೆ! ಟ್ರೇಲರ್ ಕೂಡ ಶುರುವಾಗಿರಲಿಲ್ಲ. ಆಳಂದದ ಹುಡುಗರೂ ಇಲ್ಲೇ ಇದ್ದಾರೆ ಅಂದೆ. ಆಗ ದನಿ ಮೆತ್ತಗಾಯ್ತು. "ರಿಫಂಡ್ ಮಾಡ್ತೀನ್ರಿ, ಒಂದು ಕ್ಯೂಆರ್ ಕಳಸ್ತೀನಿ, ಸ್ಕ್ಯಾನ್ ಮಾಡಿ ಪಿನ್ ಹಾಕ್ರಿ, ರೊಕ್ಕ ವಾಪಸ್ ಬರ್ತದ." ನೋಡಿ ಧೈರ್ಯ! ದುಡ್ಡು ಬರೋದಕ್ಕೆ ಪಿನ್ ಯಾಕೆ? ಪಿನ್ ಹಾಕಿದ್ರೆ ಹೋಗೋದು ನಮ್ಮ ದುಡ್ಡೇ. ಅದನ್ನೇ ಹೇಳಿದ್ದಕ್ಕೆ "ಸಿನಿಮಾ ನೋಡ್ಲಾಕ ಬಂದೀರೇನ್, ಜಗಳ ಮಾಡ್ಲಾಕ ಬಂದೀರೇನ್ರಿ?" ಅಂತ ಕಳಿಸಿ ಬ್ಲಾಕ್ ಮಾಡಿದ. ಕೊನೆಗೆ ಕೈ ಮುಗಿಯೋ ಚಿತ್ರ ಬೇರೆ ಹಾಕಿದ್ದ.

ಥಿಯೇಟರ್‌ನವರದ್ದು ತಪ್ಪಿಲ್ಲ. ನಮ್ಮ ಕೌಂಟರ್‌ನಲ್ಲೋ ಆ್ಯಪ್‌ನಲ್ಲೋ ತಗೊಂಡಿದ್ರೆ ನಾವು ಜವಾಬ್ದಾರಿ ಅಂದ್ರು, ಸರಿ. ಆದ್ರೆ ಗ್ರೂಪ್ ಅಡ್ಮಿನ್? ನಾನು ಅಲ್ಲಿ ಎಚ್ಚರಿಕೆ ಹಾಕಿದ್ರೆ ಅದನ್ನೇ ಅಳಿಸಿಬಿಟ್ಟರು. "ಇದು ಸಿನಿಮಾ ಗ್ರೂಪ್, ವೈಯಕ್ತಿಕ ವಿಷಯ ಬ್ಯಾಡ" ಅಂತೆ. ಮಾರೋವಾಗ ವೈಯಕ್ತಿಕ ಆಗಿರಲಿಲ್ಲ!

ಸ್ಕ್ರೀನ್‌ಶಾಟ್ ಟಿಕೆಟ್ ಅಲ್ಲ. ಕೋಡ್ ಒಂದು ಸಲ ಸ್ಕ್ಯಾನ್ ಆದ್ರೆ ಮುಗೀತು, ನಿಮ್ಮ ಹತ್ರ ಇರೋದು ಬರೀ ಚಿತ್ರ. ಪರಿಚಯದವರಿಂದ ತಗೊಂಡರೂ ಅವರ ಜೊತೆಗೇ ಗೇಟ್ ದಾಟಿ, ಆಮೇಲೆ ದುಡ್ಡು ಕೊಡಿ. ಇಲ್ಲಾಂದ್ರೆ ಎರಡು ದಿನ ತಡವಾಗಿ ನೋಡಿ, ಕಥೆ ಏನೂ ಬದಲಾಗಲ್ಲ.

ದುಡ್ಡು ಹೋಗಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡ್ತೀರೋ ಅಷ್ಟು ಒಳ್ಳೇದು. ನಾನು ಮಾಡಿದ್ದೀನಿ. ಚಾಟ್ ಅಳಿಸಬೇಡಿ, ಹಣ ಕಳಿಸಿದ ವಿವರ ಇಟ್ಕೊಳ್ಳಿ. ಎಫ್ 11ರಿಂದ 14ರ ಚಿತ್ರ ನಿಮಗೂ ಮಾರಿದ್ದರೆ, ನಾಚಿಕೊಂಡು ಸುಮ್ನೆ ಕೂರದೆ ನೀವೂ ದೂರು ಕೊಡಿ. ಆಳಂದದ ಹುಡುಗರು "ಹೋಗ್ಲಿ ಬಿಡ್ರಿ ಅಣ್ಣಾ" ಅಂತ ಹೊರಟೇ ಹೋದ್ರು. ಅವನು ಗ್ರೂಪ್‌ನಲ್ಲಿ ಈಗಲೂ ಇದ್ದಾನೆ, ಮುಂದಿನ ಸಿನಿಮಾ ಬಗ್ಗೆ ಬರೀತಾ ಇದ್ದಾನೆ.